ಕತ್ತಲೆಯೂ ಆತನದೇ

ಹೀಬ್ರೂ ಧರ್ಮಗ್ರಂಥದಲ್ಲಿ ಬೆಳಕು ದೇವರ ಕಡೆಯದು, ಕತ್ತಲೆ ಸೈತಾನನ ಕಡೆಯದು ಎನ್ನುವುದು ತಪ್ಪು. ಅಲ್ಲಿ ಎರಡೂ ಒಬ್ಬನೇ ನ್ಯಾಯಾಧಿಪತಿಯ ಕೈಯಲ್ಲಿವೆ. ಯಾರ ಮೇಲೆ ಯಾವುದು ಬೀಳುತ್ತದೆ ಎಂಬುದನ್ನು ಅವರ ಕುಲ ತೀರ್ಮಾನಿಸುವುದಿಲ್ಲ, ಅವರ ನಡತೆ ತೀರ್ಮಾನಿಸುತ್ತದೆ. ಒಂದು ಬೈಬಲ್ ಅಧ್ಯಯನ ಕೂಟದಲ್ಲಿ ನಾನು ಹೇಳಿದ್ದು ಇಷ್ಟೇ. ಅದಕ್ಕೆ ಬಂದ ಆಕ್ಷೇಪಗಳು ಒಂದೆರಡಲ್ಲ. ಕೆಲವರು ಸಿಟ್ಟಾದರು, ಕೆಲವರು ಓದಿಕೊಂಡು ಬಂದು ವಾದಿಸಿದರು. ಈ ಉತ್ತರ ಓದಿಕೊಂಡು ಬಂದವರಿಗೆ. ಅವರ ಹೆಸರು ಇಲ್ಲಿ ಬೇಕಿಲ್ಲ, ವಾದ ಸಾಕು. ಅಧ್ಯಾಯ, ವಚನಗಳನ್ನು ಹೇಳಿಕೊಂಡೇ ಹೋಗುತ್ತೇನೆ. ಓದುಗರು ಕನ್ನಡ ಬೈಬಲ್ ತೆರೆದು ನೋಡಿ, ಆಮೇಲೆ ತೀರ್ಪು ಕೊಡಲಿ.

ಎಲ್ಲಕ್ಕಿಂತ ಗಟ್ಟಿ ದನಿಯಲ್ಲಿ ಬಂದ ಆಕ್ಷೇಪ ಇದು: ಗ್ರಂಥದ ಮೊದಲ ಪುಟದಲ್ಲೇ ದೇವರು ಬೆಳಕನ್ನು ಒಳ್ಳೆಯದೆಂದು ಕಂಡನು, ಕತ್ತಲೆಯನ್ನು ಹಾಗೆ ಕರೆಯಲಿಲ್ಲ, ಆದ್ದರಿಂದ ಕತ್ತಲೆ ಆತನ ವೈರಿ. ಮೊದಲರ್ಧ ನಿಜ, ಒಪ್ಪುತ್ತೇನೆ. ಆದಿಕಾಂಡ ಕತ್ತಲೆಯನ್ನು ಹೊಗಳುವುದಿಲ್ಲ. ಆದರೆ ಅದೇ ವಾಕ್ಯದ ಬೆನ್ನಿಗೇ ದೇವರು ಕತ್ತಲೆಗೆ ರಾತ್ರಿಯೆಂದು ಹೆಸರಿಡುತ್ತಾನೆ. ಹೆಸರಿಡುವುದು ಒಡೆಯನ ಕೆಲಸ; ವೈರಿಯ ಪಾಳೆಯಕ್ಕೆ ಹೋಗಿ ಯಾರೂ ನಾಮಕರಣ ಮಾಡಿ ಬರುವುದಿಲ್ಲ. ಅಲ್ಲಿ ಪ್ರತಿ ದಿನದ ಲೆಕ್ಕವೂ ಸಾಯಂಕಾಲದಿಂದ ಶುರುವಾಗಿ ಬೆಳಗಿಗೆ ಮುಗಿಯುತ್ತದೆ. ಯೆಹೂದ್ಯರ ಸಬ್ಬತ್ ಇಂದಿಗೂ ಶುಕ್ರವಾರ ಹೊತ್ತು ಮುಳುಗಿದಾಗ ಆರಂಭವಾಗುತ್ತದೆ. ವಾರದ ಅತಿ ಪವಿತ್ರ ದಿನ ಕತ್ತಲೆಯ ಬಾಗಿಲಿನಿಂದಲೇ ಮನೆಯೊಳಗೆ ಬರುತ್ತದೆ. ಆ ಬಾಗಿಲು ಶತ್ರುವಿನದಾಗಿದ್ದರೆ ಇದು ಹೇಗೆ ಸಾಧ್ಯ?

ಇಷ್ಟು ಸಾಲದಿದ್ದರೆ ಸೀನಾಯಿ ಬೆಟ್ಟಕ್ಕೆ ಬನ್ನಿ. ದಶಾಜ್ಞೆಗಳು ಕೇಳಿಬಂದ ಮೇಲೆ ಜನ ಹೆದರಿ ದೂರ ನಿಲ್ಲುತ್ತಾರೆ. ಮೋಶೆ ಮಾತ್ರ ದೇವರಿದ್ದ ಕಡೆಗೆ ನಡೆಯುತ್ತಾನೆ. ದೇವರಿದ್ದದ್ದು ಎಲ್ಲಿ? ವಿಮೋಚನಕಾಂಡ 20:21ರ ಹೀಬ್ರೂ ಪದ ‘ಅರಾಫೆಲ್’, ಅಂದರೆ ದಟ್ಟವಾದ ಕಾರ್ಗತ್ತಲು. ಸೊಲೊಮೋನ ದೇವಾಲಯವನ್ನು ಪ್ರತಿಷ್ಠೆ ಮಾಡುವಾಗ ಯೆಹೋವನು ವಾಸಿಸುವ ಸ್ಥಳವೆಂದು ಹೇಳುವುದೂ ಇದೇ ಅರಾಫೆಲನ್ನು (1 ಅರಸು 8:12). 97ನೆಯ ಕೀರ್ತನೆಯ 2ನೆಯ ವಚನವಂತೂ ಒಂದೇ ಉಸಿರಿನಲ್ಲಿ ಎರಡು ಮಾತು ಹೇಳುತ್ತದೆ: ಆತನ ಸುತ್ತ ಮೋಡವೂ ಅರಾಫೆಲೂ ಇವೆ, ಆತನ ಸಿಂಹಾಸನದ ಅಡಿಪಾಯ ನೀತಿ ಮತ್ತು ನ್ಯಾಯ. ಈ ನ್ಯಾಯಪೀಠವನ್ನು ಕತ್ತಲೆ ಸುತ್ತುವರಿದಿದೆ. ನನ್ನ ಆಕ್ಷೇಪಕರಲ್ಲಿ ಒಬ್ಬರೂ ಈ ಮೂರು ವಚನಗಳ ಹತ್ತಿರ ಸುಳಿಯಲಿಲ್ಲ.

ಯೆಶಾಯ 45:7ರ ಹತ್ತಿರ ಮಾತ್ರ ಸುಳಿದರು. ಅದನ್ನು ದಾಟಿ ಹೋಗಲು ದಾರಿಯಿರಲಿಲ್ಲ. ಅಲ್ಲಿ ಯೆಹೋವನು ಬೆಳಕನ್ನು ರೂಪಿಸಿದವನೂ ಕತ್ತಲೆಯನ್ನು ಸೃಷ್ಟಿಸಿದವನೂ ತಾನೇ ಎನ್ನುತ್ತಾನೆ. ಶಾಂತಿಯನ್ನು ಉಂಟುಮಾಡುವವನೂ ಕೇಡನ್ನು ಸೃಷ್ಟಿಸುವವನೂ ತಾನೇ ಎನ್ನುತ್ತಾನೆ. ಕತ್ತಲೆಗೆ ಬಳಸಿದ ಕ್ರಿಯಾಪದ ‘ಬಾರಾ’. ಆದಿಕಾಂಡದ ಮೊದಲ ವಚನದಲ್ಲಿ ಆಕಾಶ, ಭೂಮಿಗಳ ಸೃಷ್ಟಿಗೆ ಬಳಸಿದ ಕ್ರಿಯಾಪದವೂ ಅದೇ. ಇದಕ್ಕೆ ಅವರು ಕೊಟ್ಟ ಸಮಾಧಾನ ಹೀಗಿದೆ: ಇಲ್ಲಿ ಕತ್ತಲೆ ಎಂದರೆ ಬರೀ ಕಷ್ಟ, ಆಪತ್ತು, ಪಾಪವಲ್ಲ, ಸೈತಾನನಲ್ಲ. ಸರಿ, ನಾನೂ ಹಾಗೇ ಓದುತ್ತೇನೆ. ಶಾಂತಿಯ ಎದುರಿಗೆ ಇಟ್ಟ ‘ರಾ’ ಎಂಬ ಪದ ಇಲ್ಲಿ ಆಪತ್ತನ್ನೇ ಹೇಳುತ್ತದೆ. ಆದರೆ ಹಾಗೆಂದ ಕ್ಷಣವೇ ಅವರ ಮೊದಲ ಆಕ್ಷೇಪ ನೆಲಕ್ಕೆ ಬಿತ್ತು. ಕತ್ತಲೆ ದೇವರು ಕಳಿಸುವ ಆಪತ್ತಾದರೆ ಅದು ಆತನ ಕೈಯ ಕೆಲಸ, ಅಂದರೆ ತೀರ್ಪು, ಎದುರಾಳಿಯ ರಾಜ್ಯವಲ್ಲ. ಬೆಳಿಗ್ಗೆ ಕತ್ತಲೆ ಸೈತಾನನದು, ಸಂಜೆ ದೇವರದು ಎಂದು ಅನುಕೂಲಕ್ಕೆ ತಕ್ಕಂತೆ ಪಹಣಿ ಬದಲಿಸಲಾಗದು.

ಇನ್ನೊಬ್ಬರು, ಯೆಹೂದ್ಯರೇ ಈ ವಚನಕ್ಕೆ ನಾಚಿ ಅದನ್ನು ತಿದ್ದಿಕೊಂಡಿದ್ದಾರೆ ಎಂದರು. ಅರ್ಧ ಸತ್ಯವನ್ನು ಪೂರ್ತಿ ಸತ್ಯದ ಬೆಲೆಗೆ ಮಾರುವ ಮಾತಿದು. ಅವರ ಬೆಳಗಿನ ಪ್ರಾರ್ಥನೆಯಲ್ಲಿ ಈ ವಚನ ಬರುತ್ತದೆ, ಕೊನೆಯಲ್ಲಿ ಕೇಡು ಎಂಬ ಪದದ ಜಾಗದಲ್ಲಿ ‘ಎಲ್ಲವನ್ನೂ’ ಎಂಬ ಪದವಿದೆ. ತಾಲ್ಮುದ್‌ನ ಬೆರಾಖೋತ್ ಭಾಗವೇ ಈ ಬದಲಾವಣೆಯನ್ನು ಎತ್ತಿಕೊಂಡು, ಪ್ರಾರ್ಥನೆಗೆ ಒಪ್ಪುವ ಮೃದು ಮಾತು ಇದೆಂದು ಬಿಚ್ಚಿ ಹೇಳುತ್ತದೆ. ಗ್ರಂಥದ ಸುರುಳಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಪ್ರಾರ್ಥನೆಯಲ್ಲೂ ತಿದ್ದಿದ್ದು ‘ಕೇಡು’ ಪದವನ್ನು. ಕತ್ತಲೆಯನ್ನು ಸೃಷ್ಟಿಸಿದವನು ಎಂಬ ಮಾತನ್ನು ಹಾಗೇ ಉಳಿಸಿಕೊಂಡಿದ್ದಾರೆ, ದಿನಾ ಬೆಳಿಗ್ಗೆ ಹೇಳುತ್ತಾರೆ. ನಾಚಿಕೆ ಇದ್ದದ್ದು ಕತ್ತಲೆಯ ಬಗ್ಗೆಯಾಗಿದ್ದರೆ ಮೊದಲು ಹೋಗಬೇಕಾದ ಪದ ಅದೇ ಆಗಿತ್ತು.

ಮುಂದಿನದು ಪಾಂಡಿತ್ಯದ ವೇಷದಲ್ಲಿ ಬಂತು: ಬೆಳಕು, ಕತ್ತಲೆಗಳ ಹೋರಾಟ ಇಸ್ರಾಯೇಲರಿಗೆ ಪಾರಸಿಗಳಿಂದ ಬಂದದ್ದು, ಆದ್ದರಿಂದ ಈ ರೂಪಕಗಳನ್ನು ಇಬ್ಬರು ಎದುರಾಳಿಗಳ ಯುದ್ಧವೆಂದೇ ಓದಬೇಕು. ಕಾಲವನ್ನು ನೋಡಿ. ಪಾರಸಿಯ ಅರಸ ಕೋರೆಷ ಬಾಬೆಲನ್ನು ಗೆದ್ದದ್ದು ಕ್ರಿ.ಪೂ. 539ರಲ್ಲಿ. ಯೆಹೋವನ ದಿನ ಬೆಳಕಲ್ಲ, ಕತ್ತಲೆ ಎಂದು ಪ್ರವಾದಿ ಆಮೋಸ ಸಾರಿದ್ದು ಕ್ರಿ.ಪೂ. ಎಂಟನೆಯ ಶತಮಾನದ ನಡುವೆ, ಅಂದರೆ ಇನ್ನೂರು ವರ್ಷ ಮೊದಲು. ಆ ಕತ್ತಲೆಯನ್ನು ತರುವವನು ಯೆಹೋವನೇ ಹೊರತು ಎದುರು ಪಕ್ಷದ ಯಾವ ಶಕ್ತಿಯೂ ಅಲ್ಲ. ಇನ್ನು ಯೆಶಾಯ 45ನ್ನು ಮೊದಲ ವಚನದಿಂದ ಓದಿದರೆ, ಆ ಮಾತನ್ನು ಕೇಳುತ್ತಿರುವವನು ಸಾಕ್ಷಾತ್ ಕೋರೆಷ. ಪಾರಸಿಯ ಅರಸನ ಮುಖಕ್ಕೇ, ಬೆಳಕೂ ನನ್ನದು ಕತ್ತಲೆಯೂ ನನ್ನದು, ಇನ್ನೊಬ್ಬನಿಲ್ಲ ಎಂದು ಹೇಳಲಾಗುತ್ತಿದೆ. ಇದನ್ನು ಎರವಲು ಎಂದು ಕರೆಯುವವರು ನಿರಾಕರಣೆಗೆ ಯಾವ ಪದ ಉಳಿಸಿಕೊಂಡಿದ್ದಾರೆ?

ಆಗ ಅವರು ಮೃತ ಸಮುದ್ರದ ಸುರುಳಿಗಳನ್ನು ಮುಂದೆ ತಂದರು. 1947ರಲ್ಲಿ ಕುಮ್ರಾನಿನ ಗುಹೆಯಲ್ಲಿ ಸಿಕ್ಕ ಯುದ್ಧದ ಸುರುಳಿಯಲ್ಲಿ ಬೆಳಕಿನ ಮಕ್ಕಳೂ ಕತ್ತಲೆಯ ಮಕ್ಕಳೂ ಕಾದಾಡುತ್ತಾರೆ, ನಿಜ. ಆದರೆ ಆ ಸುರುಳಿಗಳ ಪಂಥ ಆಮೋಸನಿಗಿಂತ ಆರು ಶತಮಾನಕ್ಕೂ ಹೆಚ್ಚು ಈಚಿನದು. ಮೊಮ್ಮಗನ ಅಂಗಿ ತಂದು ಮುತ್ತಜ್ಜನಿಗೆ ತೊಡಿಸಿ ಅಳತೆ ಸರಿಯಿದೆ ಎಂದರೆ ಹೇಗೆ? ಅದೇ ಪಂಥದ ನಿಯಮದ ಸುರುಳಿಯೂ ಬೆಳಕಿನ ಆತ್ಮ, ಕತ್ತಲೆಯ ಆತ್ಮ ಎರಡನ್ನೂ ದೇವರೇ ಸೃಷ್ಟಿಸಿದನೆಂದು ಹೇಳುತ್ತದೆ. ಅಷ್ಟು ತೀವ್ರವಾಗಿ ಲೋಕವನ್ನು ಸೀಳಿದವರೂ ಸೃಷ್ಟಿಕರ್ತನನ್ನು ಸೀಳಲಿಲ್ಲ.

ವಿಜ್ಞಾನದ ಹೆಸರಿನಲ್ಲಿ ಬಂದ ಆಕ್ಷೇಪಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ಅದು ನಯವಾಗಿದೆ, ಅದರ ಹಾನಿಯೂ ದೊಡ್ಡದು. ಆಮೋಸ 8:9ರಲ್ಲಿ ನಡುಹಗಲಲ್ಲೇ ಸೂರ್ಯ ಮುಳುಗುವ ಮಾತಿದೆ. ಅದು ಕ್ರಿ.ಪೂ. 763ರ ಸೂರ್ಯಗ್ರಹಣದ ನೆನಪು ಅಷ್ಟೇ. ಐಗುಪ್ತದ ಮೂರು ದಿನದ ಕತ್ತಲೆ ಮರಳುಗಾಳಿ ಅಷ್ಟೇ. ಇದರಲ್ಲಿ ನ್ಯಾಯತೀರ್ಪನ್ನು ಹುಡುಕುವುದು ಅತಿಯಾಯಿತು ಎಂಬುದು ವಾದ. 763ರ ಗ್ರಹಣ ಖಚಿತ. ಅಶ್ಶೂರರ ವಾರ್ಷಿಕ ದಾಖಲೆಯಲ್ಲಿ ಅದು ನಮೂದಾಗಿದೆ. ಆಮೋಸ ಅದನ್ನು ಕಂಡಿರಬಹುದು, ಕೇಳಿಯೂ ಇರಬಹುದು. ಅದರಿಂದ ಏನು ಸಾಬೀತಾಯಿತು? ಒಂದು ಪೂರ್ಣಗ್ರಹಣದ ಕತ್ತಲೆ ಹೆಚ್ಚೆಂದರೆ ಏಳೂವರೆ ನಿಮಿಷ. ಏಳು ನಿಮಿಷದ ಕತ್ತಲೆಗೆ ಒಂದು ರಾಜ್ಯದ ಹಬ್ಬಗಳೆಲ್ಲ ಗೋಳಾಟವಾಗುವುದಿಲ್ಲ, ಎಲ್ಲರ ಸೊಂಟಕ್ಕೂ ಗೋಣಿತಟ್ಟು ಬರುವುದಿಲ್ಲ. ಮುಂದಿನ ವಚನದಲ್ಲಿ ಆಮೋಸ ಹೇಳುವುದು ಆ ಗೋಳಾಟವನ್ನೇ, ಆ ಗೋಣಿತಟ್ಟನ್ನೇ. ರೂಪಕದ ಸಾಮಗ್ರಿ ಎಲ್ಲಿಂದ ಬಂತು ಎಂದು ಹೇಳಿಬಿಟ್ಟರೆ ರೂಪಕ ಏನು ಹೇಳುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಟ್ಟಂತಾಗದು.

ಆ ವಚನದಿಂದ ನಾಲ್ಕೈದು ವಚನ ಹಿಂದಕ್ಕೆ ಹೋಗಿ. ಅಲ್ಲಿ ಒಂದು ಧಾನ್ಯದ ಅಂಗಡಿಯಿದೆ. ವ್ಯಾಪಾರಿ ಅಮಾವಾಸ್ಯೆಯ ಹಬ್ಬ ಯಾವಾಗ ಮುಗಿದೀತು, ಸಬ್ಬತ್ ಯಾವಾಗ ಕಳೆದೀತು ಎಂದು ಕಾಯುತ್ತಿದ್ದಾನೆ. ಅವನ ಬಳಿ ಧಾನ್ಯ ಅಳೆಯುವ ‘ಏಫಾ’ ಇದೆ, ಇಪ್ಪತ್ತು ಲೀಟರಿನ ಆಚೀಚೆ ಹಿಡಿಸುವ ಕೊಳಗ. ಅದನ್ನು ಅವನು ಕಿರಿದು ಮಾಡಿದ್ದಾನೆ. ಆಗ ನಾಣ್ಯವಿರಲಿಲ್ಲ, ಕೊಳ್ಳುವವನು ಬೆಳ್ಳಿಯ ಚೂರುಗಳನ್ನು ತೂಗಿ ಕೊಡಬೇಕಿತ್ತು. ತಕ್ಕಡಿಯ ಒಂದು ತಟ್ಟೆಗೆ ಬೆಳ್ಳಿ, ಇನ್ನೊಂದಕ್ಕೆ ‘ಶೆಕೆಲ್’ ಎಂಬ ತೂಕದ ಕಲ್ಲು. ಉತ್ಖನನದಲ್ಲಿ ಸಿಕ್ಕ ಇಂಥ ಕಲ್ಲುಗಳು ಸುಮಾರು 11 ಗ್ರಾಂ ತೂಗುತ್ತವೆ, ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕವು. ಈ ವ್ಯಾಪಾರಿ ಕಲ್ಲನ್ನು ದೊಡ್ಡದು ಮಾಡಿದ್ದಾನೆ. ಕೊಡುವಾಗ ಕೊಳಗ ಚಿಕ್ಕದು, ತೆಗೆದುಕೊಳ್ಳುವಾಗ ಕಲ್ಲು ದೊಡ್ಡದು. ಬಡವ ಎರಡೂ ಕಡೆ ಸೋಲುತ್ತಾನೆ. ಸಾಲದ್ದಕ್ಕೆ ಗೋದಿಯ ಹೊಟ್ಟನ್ನೂ ಮಾರುತ್ತಾನೆ, ಒಂದು ಜೊತೆ ಕೆರದ ಬೆಲೆಗೆ ದಿಕ್ಕಿಲ್ಲದವನನ್ನೇ ಕೊಂಡುಕೊಳ್ಳುತ್ತಾನೆ. ಸೂರ್ಯ ಮುಳುಗುವುದು ಈ ಅಂಗಡಿಯ ಮೇಲೆ. ಇಡೀ ವ್ಯಾಪಾರ ಹಾಡಹಗಲಲ್ಲಿ, ಎಲ್ಲರ ಕಣ್ಣೆದುರು ನಡೆದಿದೆ, ಯಾರೂ ಕೇಳಲಿಲ್ಲ. ಆದ್ದರಿಂದ ಆ ಹಗಲನ್ನೇ ದೇವರು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ಅಪರಾಧಕ್ಕೆ ಶಿಕ್ಷೆ ಇಷ್ಟು ಬಿಗಿಯಾಗಿ ಹೊಂದಿರುವಾಗ ಗ್ರಹಣದ ಪಟ್ಟಿ ಹಿಡಿದು ಕೂರುವವರು ತಕ್ಕಡಿಯನ್ನು ನೋಡುವುದೇ ಇಲ್ಲ. ನನಗೆ ನೋವಾಗುವುದು ಅಲ್ಲಿ. ಮೋಸಹೋದ ಆ ಬಡವನ ಪರವಾಗಿ ಬಂದ ಮಾತನ್ನು ಖಗೋಳದ ಅಡಿಟಿಪ್ಪಣಿ ಮಾಡಿಬಿಡುತ್ತಾರೆ.

ಮರಳುಗಾಳಿಯ ವಾದಕ್ಕೆ ಒಂದೇ ಮಾತು ಸಾಕು. ಕೈಗೆ ತಾಕುವಂಥ ಆ ಕತ್ತಲೆ ಐಗುಪ್ತದ ಮೇಲೆಲ್ಲ ಕವಿದಾಗಲೂ ಇಸ್ರಾಯೇಲರ ಮನೆಗಳಲ್ಲಿ ಬೆಳಕಿತ್ತು ಎನ್ನುತ್ತದೆ ವಿಮೋಚನಕಾಂಡ 10:23. ಗಾಳಿ ಮನೆ ನೋಡಿ ಬೀಸುವುದಿಲ್ಲ. ಕಥೆ ಹೇಳುತ್ತಿರುವುದು ತೀರ್ಪನ್ನು, ಹವಾಮಾನ ವರದಿಯನ್ನಲ್ಲ.

ಹಾಗಾದರೆ ಬೆಳಕು ಯಾವಾಗಲೂ ರಕ್ಷಣೆಯೇ ಆಯಿತಲ್ಲ, ನಂಬಿದವರಿಗೆ ಅದರಿಂದ ಭಯವಿಲ್ಲವಲ್ಲ ಎಂದು ಇನ್ನೊಂದು ಗುಂಪು ಹಿಡಿದುಕೊಂಡಿತು. ಪ್ರಸಂಗಗಳಲ್ಲಿ ಪದೇ ಪದೇ ಕೇಳುವ ಮಾತು ಇದು, ಕೇಳಲು ಹಿತ. ಅರಸ ಯೋಷೀಯನ ಕಾಲದಲ್ಲಿ ಯೆರೂಸಲೇಮಿನಲ್ಲಿ ನುಡಿದ ಪ್ರವಾದಿ ಚೆಫನ್ಯನನ್ನು ತೆರೆಯಿರಿ. 1:12ರಲ್ಲಿ ಯೆಹೋವನು ದೀಪಗಳನ್ನು ಹಿಡಿದು ಯೆರೂಸಲೇಮನ್ನು ಶೋಧಿಸುವುದಾಗಿ ಹೇಳುತ್ತಾನೆ. ಹೀಬ್ರೂ ಪದ ‘ನೇರ್’: ಅಂಗೈಯಗಲದ ಮಣ್ಣಿನ ಬಟ್ಟಲು, ಬತ್ತಿ ಇಡಲು ಅಂಚನ್ನು ಚಿವುಟಿ ಮಾಡಿದ ಮೂತಿ, ಒಳಗೆ ಆಲಿವ್ ಎಣ್ಣೆ. ನಮ್ಮ ಹಣತೆಯೇ. ನಾನು ಚಿಕ್ಕವನಿದ್ದಾಗ ಕರೆಂಟ್ ಹೋದ ಒಂದು ರಾತ್ರಿ ಅಜ್ಜಿ ಬುಡ್ಡಿ ದೀಪ ಹಿಡಿದು ಕಣಜದ ಕೋಣೆಯಲ್ಲಿ ಚೇಳು ಹುಡುಕಿದ್ದು ಕಣ್ಣಿಗೆ ಕಟ್ಟಿದಂತಿದೆ. ಅಷ್ಟು ಪುಟ್ಟ ದೀಪ ಮೊಳದಾಚೆಗೆ ಏನನ್ನೂ ತೋರಿಸದು. ಅವಳು ಬಾಗಬೇಕಿತ್ತು, ಒಂದೊಂದು ಗೋಣಿಯನ್ನೂ ಸರಿಸಬೇಕಿತ್ತು, ಗೋಡೆಯ ಒಂದೊಂದು ಸಂದಿಗೂ ದೀಪ ಹಿಡಿಯಬೇಕಿತ್ತು. ಆ ದೀಪದಲ್ಲಿ ಒಂದು ಊರನ್ನು ಶೋಧಿಸುವುದೆಂದರೆ ಮನೆ ಮನೆ ಹೊಕ್ಕು, ಮೂಲೆ ಮೂಲೆಗೆ ಬಗ್ಗಿ ನೋಡುವುದು. ಹುಡುಕುತ್ತಿರುವುದು ಯಾರನ್ನು? ಕಲಕದೆ ಬಿಟ್ಟ ದ್ರಾಕ್ಷಾರಸ ತನ್ನ ಗಸಿಯ ಮೇಲೇ ಗಟ್ಟಿಯಾಗುವಂತೆ ಸುಖದಲ್ಲಿ ತಳವೂರಿ, ಯೆಹೋವ ಒಳ್ಳೆಯದನ್ನೂ ಮಾಡನು ಕೆಟ್ಟದ್ದನ್ನೂ ಮಾಡನು ಎಂದುಕೊಂಡವರನ್ನು. ಅವರು ಅನ್ಯರಲ್ಲ, ಯೆರೂಸಲೇಮಿನ ಮನೆವಂತರು. ಇಲ್ಲಿ ಬೆಳಕು ತನಿಖೆಗೆ ಬಂದಿದೆ.

ಇದೊಂದೇ ವಚನ ಹಿಡಿದುಕೊಂಡು ವಾದಿಸುತ್ತಿಲ್ಲ. 90ನೆಯ ಕೀರ್ತನೆಯಲ್ಲಿ ಗುಪ್ತ ಪಾಪಗಳು ದೇವರ ಮುಖದ ಬೆಳಕಿನಲ್ಲಿ ಬಯಲಾಗುತ್ತವೆ. ಯೆಶಾಯ 10:17ರಲ್ಲಿ ಇಸ್ರಾಯೇಲಿನ ಬೆಳಕೇ ಬೆಂಕಿಯಾಗುತ್ತದೆ. ಮಲಾಕಿಯ ನಾಲ್ಕನೆಯ ಅಧ್ಯಾಯದಲ್ಲಿ ಒಂದೇ ದಿನ ಒಲೆಯಂತೆ ಉರಿದು ಗರ್ವಿಷ್ಠರನ್ನು ಕೂಳೆಯಂತೆ ಸುಡುತ್ತದೆ, ದೇವಭಯವುಳ್ಳವರಿಗೆ ಗುಣಪಡಿಸುವ ಸೂರ್ಯನಾಗಿ ಮೂಡುತ್ತದೆ. ಯೆರೆಮೀಯ 21:12 ದಾವೀದನ ಮನೆತನಕ್ಕೆ ಬೆಳಿಗ್ಗೆಯೇ ನ್ಯಾಯ ತೀರಿಸಿರಿ, ಸುಲಿಗೆಗಾರನ ಕೈಯಿಂದ ಸುಲಿಗೆಗೊಂಡವನನ್ನು ಬಿಡಿಸಿರಿ ಎಂದು ಆಜ್ಞಾಪಿಸುತ್ತದೆ. ಬೆಳಗು ಎಂದರೆ ಅಲ್ಲಿ ನ್ಯಾಯಸ್ಥಾನ ಕೂಡುವ ಹೊತ್ತು. ಈ ಎಲ್ಲ ಚಿತ್ರಗಳಿಗೆ ಕಳಶವಿಟ್ಟಂಥದು ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿದೆ. ಅರುಣೋದಯ ಭೂಮಿಯ ಅಂಚುಗಳನ್ನು ಹಿಡಿದು ದುಷ್ಟರನ್ನು ಅದರಿಂದ ಒದರಿಬಿಡುತ್ತದೆ, ಮನೆಯಾಕೆ ಎದ್ದ ಕೂಡಲೇ ಕಂಬಳಿಯ ತುದಿ ಹಿಡಿದು ಕೊಡವಿದ ಹಾಗೆ. ಅದೇ ಗ್ರಂಥ 24ನೆಯ ಅಧ್ಯಾಯದಲ್ಲಿ ಕೊಲೆಗಾರನಿಗೂ ಕಳ್ಳನಿಗೂ ವ್ಯಭಿಚಾರಿಗೂ ಬೆಳಗೇ ಕಾರ್ಗತ್ತಲೆಯಂತೆ ಎಂದು ಹೇಳಿ ಮುಗಿಸಿದೆ. ಬೆಳಕು ಎಲ್ಲರಿಗೂ ಹಿತ ಎನ್ನುವವರು ಈ ವಚನಗಳನ್ನು ಎಲ್ಲಿಡುತ್ತಾರೆ?

ಆಮೇಲೆ ಬಂದದ್ದು ಹಳೆಯ ಪಾಠದ ಮರುಕಳಿಕೆ: ಹಳೆಯ ಒಡಂಬಡಿಕೆಯ ದೇವರು ಕತ್ತಲೆಯವನು, ಹೊಸ ಒಡಂಬಡಿಕೆಯವನು ಬೆಳಕಿನವನು, ಆದ್ದರಿಂದ ಆಮೋಸ, ಚೆಫನ್ಯರ ಕಠೋರ ಮಾತು ಕ್ರೈಸ್ತರಿಗೆ ಸಂಬಂಧಿಸಿದ್ದಲ್ಲ. ಇದನ್ನು ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಹೇಳಿದ್ದ. ಯೆಶಾಯ 45:7ನ್ನೇ ಹಿಡಿದು, ಕೇಡನ್ನು ಸೃಷ್ಟಿಸುವ ಈ ದೇವರು ಬೇರೆ ಎಂದಿದ್ದ. ರೋಮಿನ ಸಭೆ 144ರಲ್ಲಿ ಅವನನ್ನು ಹೊರಗಿಟ್ಟಿತು. ಹೊರಹಾಕಿದ್ದೇ ತಪ್ಪಿಗೆ ಸಾಕ್ಷಿ ಎಂದು ನಾನು ಹೇಳುವುದಿಲ್ಲ, ಸುವಾರ್ತೆಗಳೇ ಸಾಕ್ಷಿ. ಶಿಲುಬೆಯ ದಿನ ನಡುಹಗಲಿಂದ ಮೂರು ಗಂಟೆಯವರೆಗೆ ದೇಶದ ಮೇಲೆಲ್ಲ ಕತ್ತಲೆ ಕವಿಯಿತು ಎಂದು ಮತ್ತಾಯ, ಮಾರ್ಕ, ಲೂಕ ಮೂವರೂ ಬರೆದಿದ್ದಾರೆ. ನಡುಹಗಲ ಆ ಕತ್ತಲೆಯ ಅರ್ಥವನ್ನು ಆಮೋಸನನ್ನು ಬಿಟ್ಟು ಎಲ್ಲಿ ಹುಡುಕುತ್ತೀರಿ? ಹೊರಗಣ ಕತ್ತಲೆಗೆ ತಳ್ಳುವ ಮಾತು ಮತ್ತಾಯನಲ್ಲಿ ಮೂರು ಸಲ ಬರುತ್ತದೆ, ಮೂರು ಸಲವೂ ತಾವು ಒಳಗಿನವರೆಂದು ನಂಬಿದ್ದವರ ಬಗ್ಗೆ. ಯೋಹಾನ 3:19ರಲ್ಲಿ ಲೋಕಕ್ಕೆ ಬೆಳಕು ಬಂದದ್ದೇ ತೀರ್ಪು. ಚೆಫನ್ಯನ ದೀಪ ಅಲ್ಲಿ ಇನ್ನೂ ಉರಿಯುತ್ತಿದೆ.

ಕನ್ನಡದ ಸರ್ವಧರ್ಮ ವೇದಿಕೆಗಳಲ್ಲಿ ಕೇಳಿಬರುವ ಇನ್ನೊಂದು ಮಾತನ್ನೂ ಇಲ್ಲಿಯೇ ಎತ್ತಿಕೊಳ್ಳಬೇಕು. ಕತ್ತಲೆಯಿಂದ ಬೆಳಕಿಗೆ ನಡೆಸು ಎಂದು ಬೇಡುವ ಬೃಹದಾರಣ್ಯಕದ ಪ್ರಾರ್ಥನೆಯೂ ಪ್ರವಾದಿಗಳ ಮಾತೂ ಒಂದೇ, ಕತ್ತಲೆ ಎಂದರೆ ಅಜ್ಞಾನ ಎಂಬುದು ಆ ಮಾತು. ಸದುದ್ದೇಶ ನನಗೆ ಕಾಣುತ್ತದೆ, ಉಪನಿಷತ್ತಿನ ಆ ಬೇಡಿಕೆಯ ಎತ್ತರವೂ ಗೊತ್ತು. ಆದರೆ ಒಂದೇ ಎನ್ನುವುದರಿಂದ ಎರಡಕ್ಕೂ ಅನ್ಯಾಯ. ಯೆಶಾಯನ 59ನೆಯ ಅಧ್ಯಾಯದಲ್ಲಿ ಜನ ನಡುಹಗಲಲ್ಲಿ ಕುರುಡರಂತೆ ಗೋಡೆ ತಡಕುತ್ತಾರೆ, ಮುಸ್ಸಂಜೆಯಲ್ಲಿ ಎಡವಿದಂತೆ ಎಡವುತ್ತಾರೆ. ಕಾರಣ ತಿಳಿವಳಿಕೆಯ ಕೊರತೆಯಲ್ಲ. ಕೈಗೆ ರಕ್ತ ಅಂಟಿದೆ, ನ್ಯಾಯಾಲಯದಲ್ಲಿ ಸುಳ್ಳು ನಡೆದಿದೆ, ಸತ್ಯ ಬೀದಿಯಲ್ಲಿ ಮುಗ್ಗರಿಸಿ ಬಿದ್ದಿದೆ. ಅಲ್ಲಿ ಕತ್ತಲೆ ಊರಿಗೆಲ್ಲ ಸೇರಿದ್ದು, ಎಲ್ಲರೂ ಸೇರಿ ತಂದುಕೊಂಡದ್ದು. ಒಬ್ಬ ಸಾಧಕ ಜ್ಞಾನ ಪಡೆದರೆ ಅದು ಹೋಗದು, ನ್ಯಾಯಾಲಯ ಸರಿಯಾಗಬೇಕು.

ಕೊನೆಯ ಆಕ್ಷೇಪ ವಾದದ ಬಗ್ಗೆ ಅಲ್ಲ, ನನ್ನ ಬಗ್ಗೆ. ಯೆಹೋವನ ದಿನ ನಮ್ಮವರಿಗೆ ಬೆಳಕು, ಹೊರಗಿನವರಿಗೆ ಕತ್ತಲೆ ಎಂದು ತಲೆತಲಾಂತರದಿಂದ ನಂಬಿದ ಜನರ ಧೈರ್ಯ ಕೆಡಿಸುವ ಮಾತನ್ನು ಪ್ರಾರ್ಥನೆಯ ಜಾಗದಲ್ಲಿ ಆಡಬಾರದಿತ್ತು ಎಂದರು. ಆ ನಂಬಿಕೆ ಹಳೆಯದೇ, ನಿಜ. ಆಮೋಸ ಎದುರಿಸಿದ್ದು ಅದನ್ನೇ. ಅವನ ಕೇಳುಗರು ಆ ದಿನಕ್ಕಾಗಿ ಹಾತೊರೆಯುತ್ತಿದ್ದರು. ಅವರಿಗೆ ಅವನು 5:19ರಲ್ಲಿ ಒಬ್ಬ ಮನುಷ್ಯನನ್ನು ತೋರಿಸಿದ. ಅವನು ಸಿಂಹದಿಂದ ತಪ್ಪಿಸಿಕೊಂಡು ಓಡುತ್ತಾನೆ, ಕರಡಿ ಎದುರಾಗುತ್ತದೆ. ಅದರಿಂದಲೂ ಪಾರಾಗಿ ಮನೆ ಸೇರುತ್ತಾನೆ, ಉಸ್ಸೆಂದು ಗೋಡೆಗೆ ಕೈಯೂರುತ್ತಾನೆ, ಹಾವು ಕಚ್ಚುತ್ತದೆ. ಅಪಾಯ ಕಾದಿದ್ದದ್ದು ಹೊರಗಿನವರ ಕಾಡಿನಲ್ಲಲ್ಲ, ಸ್ವಂತ ಮನೆಯ ಗೋಡೆಯಲ್ಲಿ. ಕೆಲವು ದಶಕಗಳಲ್ಲಿ, ಕ್ರಿ.ಪೂ. 722ರ ಹೊತ್ತಿಗೆ, ಅವರ ರಾಜಧಾನಿ ಸಮಾರ್ಯ ಅಶ್ಶೂರರ ಪಾಲಾಯಿತು.

ಜಾಗದ ಮಾತು ಎತ್ತಿದ್ದರಿಂದ ಬೇತೇಲಿನಲ್ಲಿ ನಡೆದದ್ದನ್ನೂ ನೆನಪಿಸುತ್ತೇನೆ. ಯಾಜಕ ಅಮಚ್ಯ ಮೊದಲು ಅರಸ ಯಾರೊಬ್ಬಾಮನಿಗೆ ದೂರು ಕಳಿಸಿದ. ಆಮೇಲೆ ಆಮೋಸನಿಗೆ, ಯೆಹೂದಕ್ಕೆ ಹೋಗಿ ಅಲ್ಲಿ ಹೊಟ್ಟೆ ಹೊರೆದುಕೋ, ಇಲ್ಲಿ ಬಾಯಿ ತೆರೆಯಬೇಡ, ಇದು ಅರಸನ ದೇವಸ್ಥಾನ ಎಂದ. ಕೊಳಗದ ಬಗ್ಗೆ, ತೂಕದ ಕಲ್ಲಿನ ಬಗ್ಗೆ, ಕೆರದ ಬೆಲೆಗೆ ಹೋದ ಬಡವನ ಬಗ್ಗೆ ಅಮಚ್ಯ ಒಂದು ಮಾತೂ ಆಡಲಿಲ್ಲ. ಅವುಗಳಲ್ಲಿ ಒಂದನ್ನಾದರೂ ಸುಳ್ಳೆನ್ನಲಿಲ್ಲ. ಅದು ಏಳನೆಯ ಅಧ್ಯಾಯ. ತೆಕೋವದ ದನಗಾಹಿ ಆಮೋಸ, ಅತ್ತಿ ಹಣ್ಣು ನೋಡಿಕೊಳ್ಳುವವನು, ಬಾಯಿ ಮುಚ್ಚಿಕೊಂಡು ಹೋಗಲಿಲ್ಲ. ಧಾನ್ಯದ ಅಂಗಡಿಯೂ ನಡುಹಗಲಲ್ಲಿ ಮುಳುಗುವ ಸೂರ್ಯನೂ ಬರುವುದು ಎಂಟನೆಯದರಲ್ಲಿ.